ಮೊದಲ ತೂಕ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸದ್ದು ಬಿ.ಪಿ. ಮಷೀನಿನದು. ಆರೂವರೆಗೆ ಮಾವ ಮುಖ ತೊಳೆದು ಬಂದು ಊಟದ ಮೇಜಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರೆಂದರೆ ಆಯಿತು. ಯಾರೂ ಮಿಕ್ಸಿ ಹಾಕುವ ಹಾಗಿಲ್ಲ, ಪಾತ್ರೆ ಕುಕ್ಕುವ ಹಾಗಿಲ್ಲ. "ಶ್! ತಾತನ ಹಾರ್ಟು ಮಾತಾಡ್ತಿದೆ," ಎಂದು ಒಂಬತ್ತು ವರ್ಷದ ನನ್ನ ಮಗಳು ತುಟಿಯ ಮೇಲೆ ಬೆರಳಿಡುತ್ತಾಳೆ.

ಅತ್ತೆ ಮಷೀನ್ ತಂದು, ಪಟ್ಟಿಯನ್ನು ಮೊದಲು ತಮ್ಮ ತೋಳಿಗೆ ಕಟ್ಟಿಕೊಂಡು ಗುಂಡಿ ಒತ್ತುತ್ತಿದ್ದರು. ಪಟ್ಟಿ ಊದಿ, ಬಿಗಿದು, ಉಸ್ಸೆಂದು ಇಳಿದ ಮೇಲೆ ಬಂದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಬರೆದ ಕೈಯಲ್ಲೇ ಅದರ ಮೇಲೊಂದು ಗೆರೆ ಎಳೆದುಬಿಡುತ್ತಿದ್ದರು. ಆಮೇಲೆ ಪಟ್ಟಿ ಮಾವನ ತೋಳಿಗೆ. ಅವರ ಅಂಕಿಗೆ ಗೆರೆ ಇಲ್ಲ.

ಇದು ಮಾವ ಹಾಕಿಕೊಟ್ಟ ಪದ್ಧತಿ. ನಲವತ್ತು ವರ್ಷದಿಂದ ಮಾರ್ಕೆಟ್ ರಸ್ತೆಯಲ್ಲಿ ತಕ್ಕಡಿ ರಿಪೇರಿ ಮಾಡುವವರು ಅವರು. ಮೀನಿನವರ ತಟ್ಟೆ ತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯ ತಕ್ಕಡಿಯವರೆಗೆ ಎಲ್ಲವೂ ಅವರ ಕೈಗೆ ಬರಬೇಕು. "ರಾತ್ರಿಯೆಲ್ಲ ಸುಮ್ನೆ ಕೂತಿರೋ ತಕ್ಕಡಿಯ ಮೊದಲ ತೂಕ ನಂಬಬಾರದು," ಎನ್ನುತ್ತಿದ್ದರು. "ಏನಾದ್ರೂ ಒಂದು ಇಟ್ಟು ತೆಗೀಬೇಕು, ಅದು ಮೈ ಮುರೀಬೇಕು. ಎರಡ್ನೇದೇ ನಿಜ. ಆದ್ರೆ ಸುಳ್ಳನ್ನೂ ಬರೆದಿಟ್ಟು ಹೊಡೆದುಹಾಕ್ಬೇಕು. ಎಷ್ಟು ಸುಳ್ಳು ಹೇಳ್ತಿತ್ತು ಅಂತ ನಾಳೆ ಗೊತ್ತಾಗ್ಬೇಕಲ್ಲ!" ಬಿ.ಪಿ. ಮಷೀನಿಗೂ ಅದೇ ಕಾನೂನು. ಮೈ ಮುರಿಯುವುದಕ್ಕೆ ಒಂದು ತೋಳು ಬೇಕು. ಹತ್ತಿರದಲ್ಲಿ ಸಿಕ್ಕಿದ್ದು ಅತ್ತೆಯ ತೋಳು.

ಮಾವನಿಗೆ ಹೃದಯಾಘಾತವಾಗಿದ್ದು ಮೂರು ವರ್ಷದ ಹಿಂದೆ, ಅಂಗಡಿಯಲ್ಲಿ, ಮಟಮಟ ಮಧ್ಯಾಹ್ನ. ಅರ್ಧ ಮಾರ್ಕೆಟ್ ಆಸ್ಪತ್ರೆಗೆ ಬಂದಿತ್ತು. ಮನೆಗೆ ಬರುವಾಗ ಐದು ಬಗೆಯ ಮಾತ್ರೆ, ಏಳು ಮುಚ್ಚಳದ ಮಾತ್ರೆ ಡಬ್ಬಿ, ಏನು ತಿನ್ನಬೇಕು ಏನು ಬಿಡಬೇಕೆಂಬ ಪಟ್ಟಿ, ಮಂಗಳವಾರ ಮಂಗಳವಾರ ಆಸ್ಪತ್ರೆಯಲ್ಲೇ ವ್ಯಾಯಾಮದ ಕ್ಲಾಸು, ಅದಕ್ಕೊಂದು ಜೊತೆ ಬಿಳಿ ಶೂ. ಅತ್ತೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಉಪ್ಪಿಲ್ಲದ ಪಾತ್ರೆ ಬೇರೆಯಾಯಿತು.

ಅತ್ತೆಗೆ ಆಗಿದ್ದು ಅದಾದ ಒಂದು ವರ್ಷಕ್ಕೆ. ಬೆನ್ನು ನೋವು, ದವಡೆ ನೋವು, ಓಕರಿಕೆ. ಮೂರು ದಿನ "ಗ್ಯಾಸು" ಎಂದೆವು. ಎಂದೆವು ಅಂದರೆ ನಾನೂ ಸೇರಿ. ಬಿಸಿನೀರು ಕಾಯಿಸಿ ಕೊಟ್ಟವಳು ನಾನೇ. ನಾಲ್ಕನೇ ದಿನ ಅಡುಗೆಮನೆಯ ನೆಲದ ಮೇಲೆ ಕೂತವರಿಗೆ ಏಳಲಾಗಲಿಲ್ಲ. ಅದೂ ಹೃದಯಾಘಾತವೇ ಆಗಿತ್ತು. ಗಂಡಸರ ಎದೆ ನೊಂದರೆ ಸಂತೆ ಸೇರುತ್ತದೆ, ಹೆಂಗಸರದು ನೊಂದರೆ ಗ್ಯಾಸು! ಆಸ್ಪತ್ರೆಯವರು ಎರಡು ಮಾತ್ರೆ ಬರೆದು, "ರೆಸ್ಟ್ ತಗೊಳ್ಳಿ ಅಮ್ಮ, ಟೆನ್ಷನ್ ಮಾಡ್ಕೋಬೇಡಿ," ಎಂದು ಕಳಿಸಿದರು. ಕ್ಲಾಸಿನ ಸುದ್ದಿ ಇಲ್ಲ, ಊಟದ ಪಟ್ಟಿ ಇಲ್ಲ, ಶೂ ಅಂತೂ ಇಲ್ಲ. ಮನೆಗೆ ಬಂದ ಮಾರನೇ ದಿನವೇ ಮಾವನ ಉಪ್ಪಿಲ್ಲದ ಪಾತ್ರೆ ಒಲೆಯ ಮೇಲಿತ್ತು. ಇಟ್ಟವರು ಯಾರು ಎಂದು ಹೇಳಬೇಕಾಗಿಲ್ಲ.

ಈ ವರ್ಷ ಛಳಿ ಶುರುವಾದ ಮೇಲೆ ಅತ್ತೆ ಮೆಟ್ಟಿಲ ಮೇಲೆ ನಿಲ್ಲತೊಡಗಿದರು. ನಮ್ಮದು ಮೂರನೇ ಮಹಡಿ. ಒಂದು ಸಂಜೆ ನಾನು ಕೆಲಸದಿಂದ ಬರುವಾಗ ಎರಡನೇ ಮಹಡಿಯ ತಿರುವಿನಲ್ಲಿ ತರಕಾರಿ ಚೀಲ ಕೆಳಗಿಟ್ಟು ಗೋಡೆಗೆ ಕೈಕೊಟ್ಟು ನಿಂತಿದ್ದರು.

"ಯಾಕತ್ತೆ ನಿಂತ್ರಿ?"

"ಏನಿಲ್ಲ. ಮೆಟ್ಟಿಲು ಎಷ್ಟಿದೆ ಅಂತ ಎಣಿಸ್ತಿದ್ದೆ."

"ಇಪ್ಪತ್ತು ವರ್ಷದಿಂದ ಹತ್ತುತ್ತಿದೀರ. ಮೆಟ್ಟಿಲೇನು ಮರಿ ಹಾಕಿದ್ಯಾ?"

ನಗಲು ಹೋದರು, ಉಸಿರು ಸಾಲಲಿಲ್ಲ. ಹಣೆಯ ಮೇಲೆ ಆ ಛಳಿಯಲ್ಲೂ ಬೆವರು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ರಾತ್ರಿ ಊಟಕ್ಕೆ ಕೂತಾಗ ಮಾತು ತೆಗೆದೆ. ಮಾವನ ತಟ್ಟೆಯಲ್ಲಿ ಬೇಯಿಸಿದ ತರಕಾರಿ, ಮೀನಿನ ಒಂದು ತುಂಡು. ನನ್ನ ಗಂಡ ಬಸ್ ಡ್ರೈವರ್. ನಸುಕಿನ ಪಾಳಿಗೆ ಎದ್ದು ಹೋಗಿದ್ದವರು ಅರ್ಧ ನಿದ್ದೆಯಲ್ಲೇ ಉಣ್ಣುತ್ತಿದ್ದರು. ಅತ್ತೆ ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ನಿನ್ನೆ ಉಳಿದ ಕರಿದದ್ದನ್ನು ತಿನ್ನುತ್ತಿದ್ದರು.

"ಅತ್ತೇನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು. ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅವ್ರಿಗೆ."

"ಅಯ್ಯೋ, ಅದೊಂದು ಕತೆ! ಗುಂಡುಕಲ್ಲಿನ ಹಾಗಿದೀನಿ ಕಣೇ," ಎಂದರು ಅತ್ತೆ.

"ಗ್ಯಾಸ್ ಇರ್ಬೇಕಮ್ಮ," ಎಂದರು ನಮ್ಮವರು, ತಟ್ಟೆಯಿಂದ ತಲೆ ಎತ್ತದೆ.

"ಎರಡು ವರ್ಷದ ಹಿಂದೇನೂ ಇದೇ ಮಾತು ಇದೇ ಮೇಜಿನ ಮೇಲೆ ಆಡಿದ್ರಿ," ಎಂದೆ. ನನ್ನ ದನಿ ಏರಿತ್ತು.

ಮಾವ ನೀರು ಕುಡಿದು ಲೋಟ ಇಟ್ಟರು. "ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ನನ್ನ ಚೆಕಪ್ ಇದೆಯಲ್ಲ, ಆವಾಗ ಅವಳ್ನೂ ತೋರಿಸಿದ್ರಾಯ್ತು ಬಿಡು."

"ಅಜ್ಜಿ ಮಾತ್ರೆ ಎಲ್ಲಿದೆ?" ಎಂದು ಮಗಳು ಥಟ್ಟನೆ ಕೇಳಿದಳು. "ತಾತಂದು ಡಬ್ಬೀಲಿದೆ. ಅಜ್ಜೀದು?"

"ಮುಗೀತು ಪುಟ್ಟಿ, ಯಾವಾಗಲೋ," ಎಂದು ಅತ್ತೆ ಒಳಗೆ ಹೋದರು. ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯತೊಡಗಿದರು. ಮಾತು ಅಲ್ಲಿಗೆ ನಿಂತಿತು.

ನಾನು ಕೆಲಸ ಮಾಡುವುದು ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ, ಚೆಕಿಂಗ್ ವಿಭಾಗದಲ್ಲಿ. ದಿನಕ್ಕೆ ಆರುನೂರು ಅಂಗಿ ಕೈಯಲ್ಲಿ ಹಾದುಹೋಗುತ್ತವೆ. ಸರಿಯಿದ್ದದ್ದು ಒಂದು ಕಡೆ, ತಪ್ಪಿದ್ದದ್ದು ರಿಜೆಕ್ಟ್ ಬುಟ್ಟಿಗೆ. ಹೊಸಬರು ಸರಿಯಿದ್ದ ರಾಶಿಯನ್ನು ನೋಡಿ ಖುಷಿಪಡುತ್ತಾರೆ. ನಮ್ಮ ಮೇಲಿನವಳು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದಳು: "ಬುಟ್ಟಿ ನೋಡೇ. ಒಂದು ಕಾಲರ್ ಸೊಟ್ಟಗಿದ್ರೆ ಕೈತಪ್ಪು. ಇಪ್ಪತ್ತು ಕಾಲರ್ ಒಂದೇ ಕಡೆ ಸೊಟ್ಟಗಿದ್ರೆ ಅಲ್ಲೇನೋ ಇದೆ." ಆ ಮಾತು ಫ್ಯಾಕ್ಟರಿಯ ಗೇಟಿನಲ್ಲೇ ಬಿಟ್ಟುಬರುತ್ತಿದ್ದೆನೋ ಏನೋ, ಮನೆಯ ಬುಟ್ಟಿಯನ್ನು ಮೂರು ವರ್ಷ ನಾನು ನೋಡಲೇ ಇಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಮಾವನ ಚೆಕಪ್ಪಿಗೆ ಎರಡು ವಾರ ಇತ್ತು. ಮಂಗಳವಾರದ ಕ್ಲಾಸಿನ ನರ್ಸು ನೋಟ್‌ಬುಕ್ ನೋಡಿ, "ಇಷ್ಟೊಂದು ಹೊಡೆದುಹಾಕಿದ್ರೆ ಡಾಕ್ಟರು ಏನು ಓದ್ತಾರೆ? ಮೂರು ತಿಂಗಳದ್ದು ಚೆನ್ನಾಗಿ ಬರೆಸ್ಕೊಂಡು ಬನ್ನಿ," ಎಂದಿದ್ದರಂತೆ. ಆ ಕೆಲಸ ನನ್ನ ಪಾಲಿಗೆ ಬಂತು. ಶನಿವಾರ ಮಧ್ಯಾಹ್ನ, ಮೇಜಿನ ಮೇಲೆ ಹಾಳೆ ಹಾಸಿಕೊಂಡು ಕೂತೆ. ಮಾವ ಎದುರಿಗೆ ಒಂದು ಪುಟ್ಟ ತಕ್ಕಡಿ ಬಿಚ್ಚಿ ಕೂತಿದ್ದರು. ಅತ್ತೆ ಬಟ್ಟೆ ಒಣಗಿಸಲು ಮೇಲೆ ಹೋಗಿದ್ದರು.

ಮಾವನ ಅಂಕಿ ಬರೆಯುತ್ತ ಹೋದೆ. ನೂರ ಇಪ್ಪತ್ತಾರು, ನೂರ ಇಪ್ಪತ್ತೆಂಟು, ನೂರ ಇಪ್ಪತ್ನಾಲ್ಕು. ಒಳ್ಳೇ ಇಸ್ತ್ರಿ ಮಾಡಿದ ಅಂಗಿಯಂಥ ಅಂಕಿಗಳು. ನಡುನಡುವೆ ಗೆರೆ ಎಳೆದ ಅಂಕಿಗಳು ಕಣ್ಣಿಗೆ ಬೀಳುತ್ತಿದ್ದವು. ನೂರ ಅರವತ್ತನಾಲ್ಕು. ನೂರ ಅರವತ್ತೆಂಟು. ನೂರ ಎಪ್ಪತ್ತು. ಒಂದಾದರೂ ಕೆಳಗಿರಬೇಡವೇ? ಸುಳ್ಳು ಹೇಳುವ ಮಷೀನ್ ದಿನಾ ಒಂದೇ ಸುಳ್ಳು ಹೇಳುತ್ತದೆಯೇ?

ಹಳೆಯ ನೋಟ್‌ಬುಕ್ಕುಗಳನ್ನು ಕಪಾಟಿನಿಂದ ತಂದೆ. ಅತ್ತೆ ಆಸ್ಪತ್ರೆಯಿಂದ ಬಂದ ತಿಂಗಳು: ಹೊಡೆದುಹಾಕಿದ್ದು ನೂರ ಮೂವತ್ತೆರಡು. ನಾಲ್ಕು ತಿಂಗಳು ಹಾಗೇ ಇತ್ತು. ಆಮೇಲೆ ನೂರ ನಲವತ್ತು, ನೂರ ಐವತ್ತು, ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ. ಅತ್ತೆಯ ಮಾತ್ರೆ ಮುಗಿದದ್ದೂ ಅದೇ ಹೊತ್ತಿಗಿರಬೇಕು.

"ಮಾವ, ಈ ಹೊಡೆದುಹಾಕಿರೋದೆಲ್ಲ ಏನು?"

"ಮಷೀನಿನ ಸುಳ್ಳು. ಮೊದಲ್ನೇದು."

"ಯಾರ ತೋಳಿಗೆ ಕಟ್ಟಿದಾಗ ಬಂದಿದ್ದು?"

"ನಿಮ್ಮತ್ತೆ ತೋ..." ಎಂದವರು ಸ್ಕ್ರೂ ಡ್ರೈವರ್ ಕೆಳಗಿಟ್ಟರು. ನಂತರ ತಲೆ ಕೊಡವಿದರು. "ಏ, ಮಷೀನ್ ಹಳೇದು. ಮೊದಲ್ನೇದು ಯಾವಾಗಲೂ ಜಾಸ್ತಿ ತೋರ್ಸುತ್ತೆ. ತಕ್ಕಡಿ ವಿಷಯ ನಂಗೆ ಹೇಳ್ಕೊಡ್ತೀಯಾ?"

"ತಕ್ಕಡಿ ವಿಷಯ ನಂಗೆ ಗೊತ್ತಿಲ್ಲ. ರಿಜೆಕ್ಟ್ ವಿಷಯ ಗೊತ್ತು. ನೀವೇ ಪರೀಕ್ಷೆ ಮಾಡಿ."

ಅವರ ಕಸುಬಿಗೆ ಕೈ ಹಾಕಿದರೆ ಮಾವ ಸುಮ್ಮನಿರುವವರಲ್ಲ. ಮಷೀನ್ ತಂದರು. ಮೊದಲ ಸಲ ತಮ್ಮ ತೋಳಿಗೇ ಕಟ್ಟಿಕೊಂಡರು. "ನೋಡ್ತಿರು, ನಂದೂ ನೂರ ಅರವತ್ತು ತೋರ್ಸುತ್ತೆ," ಎಂದರು. ಬಂದದ್ದು ನೂರ ಇಪ್ಪತ್ತೇಳು. ಹುಬ್ಬು ಗಂಟಿಕ್ಕಿತು. ಮೊಮ್ಮಗಳನ್ನು ಕರೆದು ಕಟ್ಟಿದರು: ನೂರು. ನನ್ನ ತೋಳಿಗೆ: ನೂರ ಹದಿನೆಂಟು. ಅಷ್ಟರಲ್ಲಿ ಅತ್ತೆ ಖಾಲಿ ಬಕೆಟ್ ಹಿಡಿದು ಕೆಳಗೆ ಬಂದರು.

"ಬಾ ಇಲ್ಲಿ. ಕೂತ್ಕೋ," ಎಂದರು ಮಾವ.

"ಒಲೆ ಮೇಲೆ ಸಣ್ಣ ಉರೀಲಿ ಹಾಲಿದೆ."

"ಹಾಲು ಉಕ್ಕಿ ಹೋಗ್ಲಿ, ಕೂತ್ಕೋ ಅಂದೆ!"

ಹತ್ತು ನಿಮಿಷ ಸುಮ್ಮನೆ ಕೂರಿಸಿ ಆಮೇಲೆ ಕಟ್ಟಿದರು. ನಾಲ್ಕನೇ ತೂಕ ಅದು. ಮಷೀನ್ ಮೈ ಮುರಿದು ಮುಗಿದಿತ್ತು. ನೂರ ಎಪ್ಪತ್ತೆರಡು. ಇನ್ನೊಂದು ತೋಳಿಗೆ ಕಟ್ಟಿದರು. ನೂರ ಎಪ್ಪತ್ತು. ಮಾವ ಪಟ್ಟಿ ಬಿಚ್ಚಲಿಲ್ಲ. ಅತ್ತೆಯ ಕೈ ಹಿಡಿದುಕೊಂಡೇ ಕೂತರು.

"ಮಷೀನ್ ಸರಿಯಾಗಿದೆ ಕಣೇ," ಎಂದರು. "ಮೂರು ವರ್ಷದಿಂದ ಸರಿಯಾಗೇ ಹೇಳ್ತಿತ್ತು. ನಿಂದೇ ಹೇಳ್ತಿತ್ತು. ನಾನೇ ಹೊಡೆದುಹಾಕ್ಸಿದ್ದು." ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆ ಮಾತ್ರ ಸಿಟ್ಟಾದರು. "ನೀವೊಬ್ರೇ ಹೊಡೆದುಹಾಕಿದ್ದು ಅಂತ ಅಂದ್ಕೋಬೇಡಿ. ಪೆನ್ನು ನನ್ನ ಕೈಯಲ್ಲಿತ್ತು. ನಂಗೇನು ಅಂಕಿ ಓದೋಕೆ ಬರಲ್ವಾ?"

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು, ಗೊತ್ತಿರ್ಲಿಲ್ಲ. ಮಷೀನ್ ಸುಳ್ಳು ಅಂತ ನೀವು ಅಂದ್ರಿ, ನಂಗೂ ಅದೇ ಬೇಕಾಗಿತ್ತು. ಮನೇಲಿ ಇಬ್ರೂ ಹಾಸಿಗೆ ಹಿಡಿದ್ರೆ ನೋಡೋರು ಯಾರು? ಇವಳು ಎಂಟು ಗಂಟೆಗೆ ಫ್ಯಾಕ್ಟರಿಗೆ ಓಡ್ಬೇಕು, ಅವನು ನಾಲ್ಕಕ್ಕೇ ಬಸ್ ಹತ್ತಬೇಕು. ನಿಮ್ಮ ಪಾತ್ರೆಗೆ ಉಪ್ಪು ಹಾಕ್ಬಾರ್ದು ಅಂತ ನೆನಪಿಡೋರು ಯಾರು?" ಪಟ್ಟಿಯನ್ನು ತಾವೇ ಕಿತ್ತು ಬಿಚ್ಚಿದರು. "ನಂಗೂ ಹೆದರಿಕೆ ಆಗುತ್ತೆ ರೀ. ಮೆಟ್ಟಿಲ ಮೇಲೆ ನಿಂತಾಗ ದಿನಾ ಹೆದರಿಕೆ ಆಗುತ್ತೆ."

ಒಳಗೆ ಹಾಲು ನಿಜವಾಗಿಯೂ ಉಕ್ಕಿ ಹೋಯಿತು.

ಹತ್ತೊಂಬತ್ತರವರೆಗೆ ಕಾಯುವ ಮಾತೇ ಬರಲಿಲ್ಲ. ಅವತ್ತೇ ಸಂಜೆ ಹತ್ತಿರದ ದವಾಖಾನೆಗೆ ಹೋಗಿ, ಅವರು ಕೊಟ್ಟ ಚೀಟಿ ಹಿಡಿದು ಸೋಮವಾರ ಬೆಳಗ್ಗೆ ದೊಡ್ಡಾಸ್ಪತ್ರೆಯಲ್ಲಿ ಕೂತಿದ್ದೆವು. ನಮ್ಮವರು ಮೂರು ವರ್ಷದಲ್ಲಿ ಮೊದಲ ಸಲ ಪಾಳಿ ಬದಲಾಯಿಸಿಕೊಂಡು ಬಂದಿದ್ದರು; ಅಮ್ಮನ ಪಕ್ಕ ಕೂತು ಅವರ ಕೈಚೀಲ ಹಿಡಿದುಕೊಂಡಿದ್ದರು. ಅತ್ತೆಗೆ ಇ.ಸಿ.ಜಿ., ರಕ್ತ ಪರೀಕ್ಷೆ, ಎದೆಯ ಸ್ಕ್ಯಾನ್ ಎಲ್ಲ ಆಯಿತು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಕಾಗದ ನೋಡಿ, ಅಭ್ಯಾಸಬಲದಿಂದ ಮಾವನ ಕಡೆ ತಿರುಗಿ, "ಇವರಿಗೆ ಊಟ, ನಿದ್ದೆ ಹೇಗಿದೆ?" ಎಂದು ಕೇಳಿದರು.

"ಅವಳಿಗೆ ಬಾಯಿದೆ ಡಾಕ್ಟ್ರೇ, ಅವಳನ್ನೇ ಕೇಳಿ," ಎಂದರು ಮಾವ. ಆಮೇಲೆ ಜೇಬಿನಿಂದ ಎರಡು ಚೀಟಿ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ಇದು ನನಗೆ ಮೂರು ವರ್ಷದ ಹಿಂದೆ ಕೊಟ್ಟಿದ್ದು. ಐದು ಮಾತ್ರೆ, ಕ್ಲಾಸು, ಪಥ್ಯ. ಇದು ಅವಳಿಗೆ ಕೊಟ್ಟಿದ್ದು. ಎರಡು ಮಾತ್ರೆ, ರೆಸ್ಟು. ಕಾಯಿಲೆ ಒಂದೇ ಅಲ್ವಾ? ಒಂದೇ ಸರಕಿಗೆ ಎರಡು ತೂಕ ಹಾಕಿದ್ರೆ ನಮ್ಮ ಮಾರ್ಕೆಟ್ಟಲ್ಲಿ ಅಂಗಡಿ ಮುಚ್ಚಿಸ್ತಾರೆ."

ಡಾಕ್ಟರಿಗೆ ಕೋಪ ಬಂದರೆ?

ಅವರು ಎರಡೂ ಚೀಟಿಗಳನ್ನು ನಿಧಾನವಾಗಿ ಓದಿದರು. "ಎಲ್ಲರಿಗೂ ಒಂದೇ ಮಾತ್ರೆ ಅಂತ ಇರಲ್ಲ ಯಜಮಾನ್ರೇ," ಎಂದರು. "ಆದ್ರೆ ಇಲ್ಲಿ ತಪ್ಪಾಗಿದೆ. ಕೊಬ್ಬು ಇಳಿಸೋ ಮಾತ್ರೆ ಇವರಿಗೆ ಆಗಲೇ ಕೊಡಬೇಕಿತ್ತು. ಕ್ಲಾಸಿಗೂ ಬರೀಬೇಕಿತ್ತು. ಹೆಂಗಸರ ವಿಷಯದಲ್ಲಿ ಇದನ್ನ ನಾನು ತುಂಬ ನೋಡ್ತೀನಿ. ನಾವೂ ಬರೆಯೋಕೆ ಮರೀತೀವಿ, ಅವರೂ ಕೇಳೋಕೆ ಮರೀತಾರೆ." ಈಗ ಅತ್ತೆಯ ಕಡೆ ತಿರುಗಿದರು. "ಅಮ್ಮ, ಹೃದಯದ ಬಡಿತ ಪರವಾಗಿಲ್ಲ. ರಕ್ತನಾಳ ಇನ್ನಷ್ಟು ಕಟ್ಟಿಲ್ಲ. ಬಿ.ಪಿ. ಹೀಗೇ ಬಿಟ್ಟಿದ್ರೆ ನಾನು ಈ ಮಾತು ಹೇಳ್ತಿರ್ಲಿಲ್ಲ. ಸಮಯಕ್ಕೆ ಬಂದಿದೀರ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಕ್ಲಾಸು ಮಂಗಳವಾರಾನೇ ಅಲ್ವಾ?" ಎಂದು ಕೇಳಿದರು. "ಅದರ ಹೊರಗಿನ ಬೆಂಚು ನಂಗೆ ಚೆನ್ನಾಗಿ ಗೊತ್ತು. ಇವರ ಅಂಗಿ, ನೀರಿನ ಬಾಟ್ಲಿ ಹಿಡ್ಕೊಂಡು ಅದರ ಮೇಲೆ ಕೂತೂ ಕೂತೂ ಹಲಗೆ ಸವೆದಿದೆ."

ಮುಂದಿನ ವಾರಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಡುಗೆಮನೆ ನಾಲ್ವರ ಪಾಲಾಯಿತು. ನಮ್ಮವರು ಮಧ್ಯಾಹ್ನದ ಅಡುಗೆ ಒಪ್ಪಿಕೊಂಡು ಮೊದಲ ದಿನವೇ ಅನ್ನದ ತಳ ಹತ್ತಿಸಿದರು. "ಬಸ್ಸಿಗಾದ್ರೆ ಬ್ರೇಕ್ ಇರುತ್ತೆ, ಈ ಒಲೆಗೆ ಏನೂ ಇಲ್ಲ," ಎಂದು ಗೊಣಗಿದರು. ಮಾವ ತರಕಾರಿ ಹೆಚ್ಚುತ್ತಿದ್ದರು. ಪ್ರತಿ ಹೋಳೂ ಒಂದೇ ತೂಕ, ಅದಕ್ಕೇ ಒಂದು ಗಂಟೆ. ಉಪ್ಪಿಲ್ಲದ ಬೇರೆ ಪಾತ್ರೆ ಹೋಗಿ ಎಲ್ಲರಿಗೂ ಒಂದೇ ಪಾತ್ರೆ ಬಂತು. ಮಗಳು ಉಪ್ಪಿನ ಪೊಲೀಸಾದಳು.

"ಅಜ್ಜಿ, ಕೈ ತೋರ್ಸಿ! ಆ ಕರಿದದ್ದು ಎಲ್ಲಿಂದ ಬಂತು?"

"ನಿನ್ನೇದು ಉಳಿದಿತ್ತು ಕಣೇ, ಚೆಲ್ಲೋಕೆ ಮನಸ್ಸು ಬರಲ್ಲ."

"ಅಜ್ಜಿ ಹೊಟ್ಟೆ ಏನು ಕಸದ ಬುಟ್ಟೀನಾ?"

ಅತ್ತೆ ನಕ್ಕರು, ತಟ್ಟೆ ಕೆಳಗಿಟ್ಟರು. ಅಂದಿನಿಂದ ಮೇಜಿಗೆ ಐದನೇ ಕುರ್ಚಿ ಬಂತು. ಬಾಗಿಲಲ್ಲಿ ನಿಂತು ಉಣ್ಣುವುದು ನಿಂತಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಿದರೆ ನನ್ನ ನಾಲಿಗೆ ಸೇದಿಹೋಗುತ್ತದೆ. ಎರಡನೇ ಮಂಗಳವಾರ ಅತ್ತೆ ಹಟ ಹಿಡಿದರು. "ಗಂಡಸರೇ ತುಂಬಿರ್ತಾರೆ. ನಾನೊಬ್ಳು ಮುದುಕಿ ಸೈಕಲ್ ತುಳೀತಾ ಕೂತ್ರೆ ನಗಲ್ವಾ?"

"ನಗ್ಲಿ. ನಗೋದು ಹಾರ್ಟಿಗೆ ಒಳ್ಳೇದು ಅಂತ ನರ್ಸೇ ಹೇಳಿದಾರೆ," ಎಂದು ಮಾವ ಪೆಟ್ಟಿಗೆಯೊಂದನ್ನು ಅವರ ಕಾಲಬಳಿ ಇಟ್ಟರು. ಒಳಗೆ ಬಿಳಿ ಶೂ. ಅಳತೆ ಹೇಗೆ ಗೊತ್ತಾಯಿತೆಂದು ಅತ್ತೆ ಕೇಳಿದ್ದಕ್ಕೆ, "ನಿನ್ನ ಹಳೇ ಚಪ್ಪಲಿ ಅಂಗಡೀಗೆ ಒಯ್ದಿದ್ದೆ," ಎಂದರು. ಅಂದರೆ ಹಿಂದಿನ ದಿನ ಅತ್ತೆ ಇಡೀ ಮನೆ ಹುಡುಕಾಡಿ ನನ್ನ ಚಪ್ಪಲಿ ಹಾಕಿಕೊಂಡು ತರಕಾರಿಗೆ ಹೋದದ್ದಕ್ಕೆ ಕಾರಣ ಇದು!

ಆ ಮಂಗಳವಾರ ನಾನು ಅರ್ಧ ದಿನ ರಜೆ ಹಾಕಿ ನೋಡಲು ಹೋಗಿದ್ದೆ. ಗಾಜಿನ ಬಾಗಿಲ ಆಚೆ ಅತ್ತೆ ಸೀರೆ ಎತ್ತಿ ಕಟ್ಟಿ, ಶೂ ಹಾಕಿ, ನಿಂತಲ್ಲೇ ತುಳಿಯುವ ಸೈಕಲ್ ತುಳಿಯುತ್ತಿದ್ದರು. ಪಕ್ಕದ ಸೈಕಲ್ಲಿನ ಹೆಂಗಸಿನ ಜೊತೆ ಮಾತು ನಡೆದೇ ಇತ್ತು. ಆ ಹೆಂಗಸೂ ಮೊನ್ನೆಯವರೆಗೆ ಬೆಂಚಿನ ಮೇಲೆ ಕೂರುತ್ತಿದ್ದವರೇ ಎಂದು ಆಮೇಲೆ ಗೊತ್ತಾಯಿತು. ಅತ್ತೆಯೇ "ನಿಮ್ಮ ಚೀಟಿ ತೋರ್ಸಿ" ಎಂದು ಕೇಳಿ, ಡಾಕ್ಟರ ಬಳಿ ಕಳಿಸಿದ್ದರಂತೆ. ಹೊರಗೆ ಬೆಂಚಿನ ಮೇಲೆ, ತಮ್ಮ ಸರದಿ ಮುಗಿಸಿದ ಮಾವ. ಅವರ ಮೊಣಕಾಲ ಮೇಲೆ ಅತ್ತೆಯ ಕೈಚೀಲ, ಕೈಯಲ್ಲಿ ನೀರಿನ ಬಾಟಲಿ.

"ಹಲಗೆ ನಿಜವಾಗ್ಲೂ ಸವೆದಿದೆ ಕಣಮ್ಮ," ಎಂದರು ನನ್ನನ್ನು ನೋಡಿ.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ. ಆರೂವರೆ. ಮೇಜಿನ ಮೇಲೆ ಏಳು ಮುಚ್ಚಳದ ಡಬ್ಬಿ ಎರಡು. ಪಟ್ಟಿ ಎಂದಿನಂತೆ ಮೊದಲು ಅತ್ತೆಯ ತೋಳಿಗೆ. ಮಗಳು ಬೆರಳಿಟ್ಟು, "ಶ್! ಅಜ್ಜಿ ಹಾರ್ಟು ಮಾತಾಡ್ತಿದೆ," ಎಂದಳು. ಉಸ್ಸೆಂದು ಗಾಳಿ ಇಳಿಯಿತು. ನೂರ ಇಪ್ಪತ್ತೊಂಬತ್ತು.

ಅತ್ತೆ ಬರೆದರು. ಬರೆದ ಕೈ, ಮೂರು ವರ್ಷದ ಅಭ್ಯಾಸ, ತಾನಾಗಿಯೇ ಅದರ ಮೇಲೆ ಗೆರೆ ಎಳೆದುಬಿಟ್ಟಿತು.

"ಅಯ್ಯೋ! ನೋಡ್ರೀ ನನ್ನ ಕೈನ," ಎಂದು ಪೆನ್ನು ಬಿಟ್ಟರು.

ಮಾವ ನೋಟ್‌ಬುಕ್ ಎಳೆದುಕೊಂಡರು. ಕನ್ನಡಕ ಹಾಕಿಕೊಂಡು, ಹೊಡೆದುಹಾಕಿದ ಅಂಕಿಯ ಪಕ್ಕದಲ್ಲೇ ಅದೇ ಅಂಕಿಯನ್ನು ಇನ್ನೊಮ್ಮೆ ಬರೆದರು, ತಕ್ಕಡಿ ಕಲ್ಲಿನ ಮೇಲೆ ಕೆತ್ತುವಷ್ಟು ದಪ್ಪಗೆ. ಕೆಳಗೆ ತಮ್ಮ ಸಹಿ ಹಾಕಿದರು.

"ಸರಿ, ಈಗ ನಿಮ್ಮ ಕೈ ಕೊಡಿ," ಎಂದರು ಅತ್ತೆ.

"ನಂದು ಆಮೇಲೆ. ನಿನ್ನ ವಾಕಿಂಗಿಗೆ ಹೊತ್ತಾಯ್ತು, ಹೋಗಿ ಬಾ."

ಅತ್ತೆ ಬಾಗಿಲ ಬಳಿ ಕೂತು ಶೂ ದಾರ ಬಿಗಿದು ಕಟ್ಟಿದರು. ಮೆಟ್ಟಿಲಿಳಿಯುವ ಸದ್ದು ಮೂರನೇ ಮಹಡಿಯಿಂದ ಕೆಳಗಿನವರೆಗೆ ಕೇಳಿಸಿತು. ಮುಕ್ಕಾಲು ಗಂಟೆಯ ಮೇಲೆ ಅದೇ ಸದ್ದು ಮೇಲಕ್ಕೆ ಬಂತು. ಮಾವ ಕೈಯಲ್ಲಿದ್ದ ಚಾಕು ಕೆಳಗಿಟ್ಟು ಕಿವಿಗೊಟ್ಟರು. ನಾನೂ ಬುತ್ತಿ ಕಟ್ಟುವುದನ್ನು ನಿಲ್ಲಿಸಿದೆ. ಎರಡನೇ ಮಹಡಿಯ ತಿರುವು ಬಂತು. ಸದ್ದು ನಿಲ್ಲಲಿಲ್ಲ.